ಆರನೆಯ ಸನ್ನಾಟಾ

ಆಳಂದದ ಬಜಾರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಇಮಾಮಸಾಬನಿಗೆ ವಕೀಲ ದೌಲತರಾಯರ ಮನೆಯ ಪಿಯಾನೋ ಅಂದರೆ ಒಳಗೊಳಗೇ ಅಂಜಿಕೆ. ಹಾರ್ಮೋನಿಯಂ ಗಾಳಿಯ ಪೆಟ್ಟಿಗೆ, ಅದರ ಉಸಿರು ಅವನಿಗೆ ಗೊತ್ತು. ಇದು ತಂತಿ, ಸುತ್ತಿಗೆಗಳ ಕಾರುಬಾರು. ಅದರಲ್ಲೂ ಸುತ್ತಿಗೆಗಳ ಉಣ್ಣೆಯನ್ನೆಲ್ಲ ಇಲಿಗಳು ಕಡಿದಿದ್ದವು.

ಆಷಾಢದಲ್ಲಿ ವಕೀಲರು ಅವನನ್ನು ಕರೆಸಿ ಬಿಚ್ಚಿ ಹೇಳಿದ್ದರು. ತಮ್ಮ ಎಡಗಿವಿ ಕೇಳದಾಗಿ ಎರಡು ವರ್ಷ. ಬಲಗಿವಿ ದೀಪಾವಳಿ ತನಕ ತಾಳಿದರೆ ಹೆಚ್ಚು ಅಂತ ಗುಲಬರ್ಗಾದ ಡಾಕ್ಟರು ಅಂದಿದ್ದರು. ಹೈದರಾಬಾದಿನಲ್ಲಿ ಓದುವಾಗ ಕೊಂಡ ಪುಸ್ತಕವನ್ನು ತೆಗೆದು ತೋರಿಸಿದರು. ಇನ್ನೂರು ವರ್ಷದ ಹಿಂದೆ ಯುರೋಪಿನವನೊಬ್ಬ ಪಿಯಾನೋ ಒಂದಕ್ಕೇ ಅಂತ ಬರೆದ, ಸೊನಾಟಾ ಎಂಬ ಆರು ಕೃತಿಗಳು ಅದರಲ್ಲಿ. ಐದು ಕಲಿತಿದ್ದರು. ಆರನೆಯದಕ್ಕೆ ಕೋರ್ಟು ಕಚೇರಿ ಪುರಸೊತ್ತು ಕೊಟ್ಟಿರಲಿಲ್ಲ. ಕಿವಿ ಇರುವಷ್ಟರಲ್ಲಿ ಅದನ್ನು ಪೂರ್ತಿ ಬಾರಿಸಿ ಕೇಳಬೇಕು, ಇಷ್ಟೇ ಆಸೆ.

"ಆರು ಸನ್ನಾಟಾ?" ಇಮಾಮಸಾಬ ತಲೆ ಕೆರೆದುಕೊಂಡ. "ಸದ್ದಿಲ್ಲದ್ದನ್ನ ಯಾರ್ ಬರೀತಾರ್ರಿ, ಸಾಹೇಬ್ರ?"

ಉರ್ದುವಿನಲ್ಲಿ ಸನ್ನಾಟಾ ಅಂದರೆ ಮೌನ. ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಓದಿದ ದೌಲತರಾಯರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅಂದಿನಿಂದ ಅವರೂ ಸನ್ನಾಟಾ ಅಂತಲೇ ಅನ್ನತೊಡಗಿದರು.

ಸುತ್ತಿಗೆಗಳನ್ನು ಬಿಚ್ಚಿ, ಚಾದರದಲ್ಲಿ ಕಟ್ಟಿಕೊಂಡು ಇಮಾಮಸಾಬ ಅಂಗಡಿಗೆ ಒಯ್ದ. ಅಷ್ಟರಲ್ಲಿ ಶ್ರಾವಣ ಬಂತು. ಕಿಣ್ಣಿ ಸುಲ್ತಾನದಿಂದ ಹಿಡಿದು ಸುತ್ತಲಿನ ಊರುಗಳ ಭಜನಿ ಮೇಳದ ಪೆಟ್ಟಿಗೆಗಳೆಲ್ಲ ಅಂಗಡಿ ತುಂಬಿದವು. ಮನೆಯಲ್ಲಿ ಮೂರು ಹೆಣ್ಣುಮಕ್ಕಳು, ವರ್ಷದ ದುಡಿಮೆ ಆ ಒಂದೇ ತಿಂಗಳದು. ವಕೀಲರ ಹೆಂಡತಿ ಸುಭದ್ರಾಬಾಯಿ ಎರಡು ಸಲ ಹೇಳಿಕಳಿಸಿದರು. ಸಾಹೇಬರು ಊಟದ ಮೇಜಿನ ಮೇಲೆಯೇ ಬೆರಳಾಡಿಸಿ ಆರನೆಯದನ್ನು ಕಲಿಯುತ್ತಿದ್ದಾರೆ ಅಂದರು. ಶ್ರಾವಣವೊಂದು ಮುಗಿಯಲಿ ಅಂದ ಇಮಾಮಸಾಬ.

ಕರಿಕಂಬಳಿ ಕತ್ತರಿಸಿ ಒಂದೊಂದೇ ಸುತ್ತಿಗೆಗೆ ಬಿಸಿ ಸರಸಿನ ಅಂಟು ಹಚ್ಚಿ ಕೂಡಿಸಿ, ಗಣೇಶ ಚೌತಿ ಕಳೆದ ಮೇಲೆ ಹೊತ್ತುಕೊಂಡು ಹೋದ. ಸುಭದ್ರಾಬಾಯಿ ಹೊಸ್ತಿಲಲ್ಲೇ ತಡೆದರು.

"ಎಂಟ್ ದಿನ ಆತು, ಇಮಾಮಸಾಬ. ಆ ಕಿವಿನೂ ಹೋತು."

ಅವನಿಗೆ ಗಂಟು ಇಳಿಸಲೂ ತಿಳಿಯಲಿಲ್ಲ. ಆದರೆ ಒಳಗಿನಿಂದ ದೌಲತರಾಯರು ಬಾ ಬಾ ಅಂತ ಕೈ ಮಾಡಿದರು. ಎರಡು ದಿನ ಕೂತು ಸುತ್ತಿಗೆ ಜೋಡಿಸಿದ, ತಂತಿ ಬಿಗಿದ, ಶ್ರುತಿ ಕೂಡಿಸಿದ.

ಮೂರನೆಯ ದಿನ ಮುಂಜಾನೆ ವಕೀಲರು ನೇರ ಆರನೆಯದನ್ನೇ ಹಿಡಿದರು. ನಡುವಿನ ಮೆಲ್ಲನೆಯ ಭಾಗದಲ್ಲಿ ಬೆರಳೊತ್ತುವ ಒಂದು ಬಿಳಿ ಪಟ್ಟಿ ಟಕ್ ಅಂದು ಸತ್ತಿತು. ಅದರ ಸುತ್ತಿಗೆಯ ಕಂಬಳಿ ತುಂಡು ಕಳಚಿ, ಸುತ್ತಿಗೆ ತಂತಿಗೆ ಮುಟ್ಟುತ್ತಿರಲಿಲ್ಲ. ಅವರ ಬೆರಳು ಮತ್ತೆ ಮತ್ತೆ ಅದೇ ಪಟ್ಟಿಗೆ ಬರುತ್ತಿತ್ತು. ಬಂದಾಗೆಲ್ಲ ಹಾಡಿನಲ್ಲೊಂದು ತೂತು. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಬಾರಿಸಿದರು.

ಆಮೇಲೆ ಹೆಂಗ ಬಂತು ಅಂತ ಕೇಳಿ ಪಾಟಿ, ಬಳಪ ಅವನ ಮುಂದೆ ಹಿಡಿದರು. ಇಮಾಮಸಾಬನಿಗೆ ಕನ್ನಡ ಬರೆಯಲು ಬಾರದು. ಚಲೋ ಬಂತು ಅಂತ ಬರೆದರೆ ಮುಗಿಯುತ್ತಿತ್ತು. ಆದರೆ ಅವನು ಉರ್ದುವಿನಲ್ಲಿ ಬರೆದ: ಒಂದು ಪಟ್ಟಿ ಸದ್ದು ಕೊಡಲಿಲ್ಲ. ತಪ್ಪು ನಂದು. ತಡ ಮಾಡಿದ್ದೂ ನಾನೇ.

ವಕೀಲರು ಎರಡು ಸಲ ಓದಿದರು.

"ಮೇಜಿನ ಮ್ಯಾಲ ಎರಡು ತಿಂಗಳು ಬಾರ್ಸೇನಿ, ಇಮಾಮ. ಅದರಾಗ ಯಾವ ಪಟ್ಟಿ ಸದ್ದು ಕೊಡ್ತಿತ್ತು? ಆದ್ರೂ ಎಲ್ಲಾ ಕೇಳ್ಸೇದ ನನಗ." ಪಾಟಿಯನ್ನು ಸೀರೆಯ ಚಿಂದಿಯಿಂದ ಒರೆಸಿದರು. "ನೀ ಇಟ್ಟ ಹೆಸರೇ ಖರೆ. ಸನ್ನಾಟಾನೂ ಬರೀತಾರ."

ಇಮಾಮಸಾಬ ನಗಲಿಲ್ಲ. ಸರಸು ಬಿಸಿ ಮಾಡಲು ಸುಭದ್ರಾಬಾಯಿಯವರ ಹತ್ತಿರ ಒಂದಿಷ್ಟು ಕೆಂಡ ಕೇಳಿದ. ತುಂಡು ಅಂಟಿಸಿ, ಒಣಗುವ ತನಕ ಬೆರಳಲ್ಲಿ ಒತ್ತಿ ಹಿಡಿದ. ಆಮೇಲೆ ಆ ಪಟ್ಟಿಯನ್ನು ಮೂರು ಸಲ ಒತ್ತಿ, ಮೂರು ಸಲವೂ ಕಿವಿಗೊಟ್ಟು ಕೇಳಿದ.