ಹತ್ತು ತಲೆ, ಹನ್ನೆರಡು ಹಾಜರಿ

ಹಾಜರಿ ಪುಸ್ತಕದಲ್ಲಿ ಹನ್ನೆರಡು ಹೆಸರುಗಳ ಮುಂದೆಯೂ ಒಂಬತ್ತು ಗಂಟೆ ಎಂದಿತ್ತು. ಅಡುಗೆಮನೆಯಲ್ಲಿ ಇದ್ದ ತಲೆಗಳು ಹತ್ತು. ವೃಂದಾ ಎರಡು ಸಲ ಎಣಿಸಿದಳು.

ಇಪ್ಪತ್ತು ವರ್ಷ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ದುಡಿದು, ಸ್ವಯಂನಿವೃತ್ತಿ ಪಡೆದು, ತಮಿಳು ಸೀಮೆಯ ಕ್ರೋಂಪೇಟೆಯ ಬಾಡಿಗೆ ಮನೆಯಲ್ಲಿ ಅವಳು ‘ಕೈತುತ್ತು’ ಶುರುಮಾಡಿ ಏಳು ತಿಂಗಳಾಗಿತ್ತು. ಹೋಟೆಲುಗಳಲ್ಲಿ ಕೆಲಸಕ್ಕಿದ್ದ ಕರಾವಳಿಯ ಗಂಡಸರ ಹೆಂಡಂದಿರು ಇಲ್ಲಿ ಕಚೇರಿಗಳಿಗೆ ಮಧ್ಯಾಹ್ನದ ಊಟ ಕಟ್ಟುತ್ತಿದ್ದರು. ಬಂದ ಲಾಭ ಅವರದೇ. ಇದನ್ನು ಯಾರೂ ದಾನಧರ್ಮ ಅನ್ನಬಾರದೆಂದು ವೃಂದಾ ನೇಮಕಾತಿ ಪತ್ರ, ರಜೆಯ ನಿಯಮ, ಹೆಸರಿಗೊಂದು ಫೈಲು, ಎಲ್ಲ ಮಾಡಿದ್ದಳು. “ಹನ್ನೆರಡು ಜನಕ್ಕೆ ಇಷ್ಟು ಕಾಗದವಾ? ಇದರಲ್ಲಿ ಒಂದು ರಾಜ್ಯಾನೇ ಆಳಬಹುದಲ್ಲೇ!” ಎಂದು ಗಂಡ ಕಮಲಾಕರ ನಕ್ಕಿದ್ದ.

“ಅಕ್ಕೂ, ವಿಮಲಾ ಎಲ್ಲಿ?”

ವೃಂದಾ ತಾನೇ ಮೇಲ್ವಿಚಾರಕಿಯಾಗಿ ಆರಿಸಿದ್ದ ಅಕ್ಕು ಲಟ್ಟಣಿಗೆ ನಿಲ್ಲಿಸಲಿಲ್ಲ. “ನೀರಿಗೆ ನಿಂತಿದ್ದಾಳೆ ಅಮ್ಮ. ಈ ಬೇಸಿಗೆಯಲ್ಲಿ ನೀರಿನ ಲಾರಿ ಯಾವಾಗ ಬರ್ತದೆ ಅಂತ ಯಾರಿಗೆ ಗೊತ್ತು? ದಿನಾ ಇಬ್ಬರು ನಿಂತು ಎಲ್ಲರ ಕೊಡ ತುಂಬಿಸುದು. ಅವರ ಕೆಲಸ ನಾವು ಹಂಚಿಕೊಳ್ಳುದು.”

“ಅದಕ್ಕೆ ಸುಳ್ಳು ಹಾಜರಿಯಾ?”

“ಸುಳ್ಳು ಎಂತದು? ಅವರು ನಿಲ್ಲದಿದ್ರೆ ನಾವು ಹತ್ತು ಜನ ಬರ್ಲಿಕ್ಕುಂಟಾ?”

ವೃಂದಾಳ ಮೈ ಉರಿಯಿತು. ಸಿಟ್ಟು ಸುಳ್ಳಿಗಲ್ಲ, ಇಷ್ಟು ದಿನ ತನಗೊಬ್ಬಳಿಗೇ ಯಾರೂ ಹೇಳಲಿಲ್ಲವಲ್ಲ ಎಂಬುದಕ್ಕೆ. ಅದನ್ನು ಬಾಯಿಬಿಟ್ಟು ಹೇಳಲಾಗದೆ ಮೆಮೊ ಬರೆದಳು: ಒಬ್ಬರ ಬದಲು ಇನ್ನೊಬ್ಬರು ಕೆಲಸ ಮಾಡುವಂತಿಲ್ಲ, ಬಾರದವರಿಗೆ ಹಾಜರಿಯಿಲ್ಲ. ಅಕ್ಕು ಅದನ್ನು ಆಗ ಓದದೆ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಒಬ್ಬರೂ ಬರಲಿಲ್ಲ.

ನೂರೈವತ್ತು ಡಬ್ಬಿ ಒಂದು ಗಂಟೆಗೆ ಹೊರಡಬೇಕು. ಇವತ್ತು ತಪ್ಪಿದರೆ ಆ ಕಚೇರಿಗಳು ನಾಳೆ ಬೇರೆಯವರನ್ನು ಹಿಡಿಯುತ್ತವೆ, ‘ಕೈತುತ್ತು’ ಅಲ್ಲಿಗೆ ಮುಗಿಯಿತು. ವೃಂದಾ ಬಾಗಿಲೆಳೆದುಕೊಂಡು ರೈಲು ನಿಲ್ದಾಣದ ಹಿಂದಿನ ಗಲ್ಲಿಗೆ ಓಡಿದಳು. ಹನ್ನೆರಡೂ ಜನ ಕೊಡಗಳ ಸಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು.

“ಏನಿದು, ಸ್ಟ್ರೈಕಾ?”

“ಅಯ್ಯೋ, ಸ್ಟ್ರೈಕ್ ಎಂತದು ಅಮ್ಮ!” ಅಕ್ಕುವಿನ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಬದಲಿ ಬೇಡ ಅಂತ ನೀವೇ ಬರೆದು ಕೊಟ್ರಿ. ಅವರವರ ನೀರು ಅವರವರೇ ಹಿಡೀಬೇಕಲ್ಲ. ಲಾರಿ ಬರ್ಲಿ, ಬರ್ತೇವೆ.”

ವೃಂದಾ ಗಡಿಯಾರ ನೋಡಿಕೊಂಡಳು. ಗಂಟೆ ಒಂಬತ್ತೂವರೆ.

“ಎದ್ದು ಹೋಗಿ ಎಲ್ಲರೂ. ನಾನು ನಿಲ್ತೀನಿ.”

ವಿಮಲಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಕ್ಕು ಮಾತ್ರ ಗಂಭೀರವಾಗಿ ಎದ್ದು, “ಹಸುರು ಮೂರು ವಿಮಲಾಂದು. ಕಿವಿ ಮುರಿದ ಕೆಂಪು ನಂದು. ಅಲ್ಲಿಂದ ಆ ನೀಲಿವರೆಗೂ ನಮ್ಮದೇ. ಯಾರಾದ್ರೂ ನುಗ್ಗಿದ್ರೆ ಬೈರಿ, ಇಂಗ್ಲಿಷಲ್ಲಿ ಬೇಡ,” ಎಂದಳು.

ಲಾರಿ ಬಂದದ್ದು ಹತ್ತೂಮುಕ್ಕಾಲಿಗೆ. ಜನ ಮುಗಿಬಿದ್ದರು. ಯಾರೋ ಅವಳ ಭುಜ ತಳ್ಳಿ, “ಯಾರಮ್ಮಾ ನೀ? ಎಂದ ವೀಡು?” ಎಂದು ತಮಿಳಿನಲ್ಲಿ ಗದರಿ, ಯಾವ ಮನೆಯವಳೆಂದು ಕೇಳಿದಳು. “ಅಕ್ಕು ವೀಡು,” ಎಂದಳು ವೃಂದಾ. ಆಕೆ ಅರೆಗಳಿಗೆ ನೋಡಿ ಜಾಗ ಬಿಟ್ಟಳು. ಅಕ್ಕುವಿನ ಹೆಸರಿಗಿದ್ದ ಬೆಲೆ ತನ್ನ ಫೈಲಿನಲ್ಲಿ ಎಲ್ಲೂ ದಾಖಲಾಗಿರಲಿಲ್ಲ.

ಹನ್ನೆರಡಕ್ಕೆ, ಮೊಣಕಾಲವರೆಗೆ ಒದ್ದೆಯಾಗಿ, ಸೊಂಟ ನೋಯಿಸಿಕೊಂಡು ಮರಳಿದಾಗ ಡಬ್ಬಿಗಳು ಸಾಲಾಗಿ ಕೂತಿದ್ದವು. ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು. ಹನ್ನೆರಡು ಹೆಸರುಗಳ ಕೆಳಗೆ, ಅಕ್ಕುವಿನ ಸೊಟ್ಟ ಅಕ್ಷರದಲ್ಲಿ ಹದಿಮೂರನೆಯದು: ವೃಂದಮ್ಮ, ಒಂಬತ್ತು ಗಂಟೆ.

“ಎಲ್ಲರ ಕೊಡಾನೂ ತುಂಬಿತಾ ಅಮ್ಮ?” ಒಳಗಿನಿಂದ ಅಕ್ಕು ಕೂಗಿದಳು.

ವೃಂದಾ ಪುಸ್ತಕ ಎಳೆದುಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆ ಸಾಲು ಹೊಡೆದುಹಾಕಲೆಂದು ಪೆನ್ನು ತೆಗೆದಳು. ಇದನ್ನು ಹೊಡೆದರೆ ನಿನ್ನೆಯ ಇಬ್ಬರದನ್ನೂ ಹೊಡೆಯಬೇಕು, ಮೊನ್ನೆಯದನ್ನೂ. ಪೆನ್ನಿಗೆ ಮುಚ್ಚಳ ಹಾಕಿ, ಪುಸ್ತಕ ಮುಚ್ಚಿ, ಸೆರಗು ಹಿಂಡಿಕೊಳ್ಳುತ್ತ ಕೇಳಿದಳು:

“ನಾಳೆ ನೀರಿಗೆ ಯಾರ ಪಾಳಿ?”