ಮರೆಮ್ಮನ ಹೆಸರಿನ ಕಲ್ಲು

ಆ ಭಾನುವಾರ ಆಳಂದದಲ್ಲಿ ಬಸ್ಸಿನಿಂದ ಇಳಿಯುವಾಗಲೇ ಮಹಾನಂದಾಳ ತಲೆ ಕೆಟ್ಟಿತ್ತು. ಮೇಲಿನ ಮನೆಯ ನಳ ಸೋರುತ್ತದೆ ಎಂದು ಬಾಡಿಗೆಯ ವಿದ್ಯಾವತಿ ಒಂದೇ ವಾರದಲ್ಲಿ ಮೂರು ಸಲ ಫೋನ್ ಮಾಡಿದ್ದಳು. ಮೂರನೆಯ ಸಲವಂತೂ ಮಹಾನಂದಾ ನಿಂಬರ್ಗಾದ ದವಾಖಾನೆಯಲ್ಲಿ ಒಂದು ಕೂಸಿಗೆ ಸೂಜಿ ಚುಚ್ಚುತ್ತಿದ್ದಳು. ನಳ ರಿಪೇರಿಯವನು ಎಂಟು ದಿನದಿಂದ ನಾಳೆ ಬರುತ್ತೇನೆ ಎನ್ನುತ್ತಲೇ ಇದ್ದ. ಕಡೆಗೆ ಅವಳೇ ಚೀಲದಲ್ಲಿ ನಳ ಬಿಚ್ಚುವ ಒಂದು ಪಾನಾ, ಎರಡು ರಬ್ಬರ್ ವಾಯ್ಸರ್ ಹಾಕಿಕೊಂಡು ಹೊರಟು ಬಂದಿದ್ದಳು. ಮನೆ ಕಟ್ಟಿಸುವಾಗ ಕೆಲಸದವರ ಬೆನ್ನಿಗೆ ನಿಂತು ನಿಂತು ಅವಳಿಗೆ ಅರ್ಧ ಕಸುಬು ಕೈಗೆ ಹತ್ತಿತ್ತು.

ಸರಸಂಬಾ ರಸ್ತೆಯಿಂದ ಒಳಗೆ ಎರಡನೆಯ ಓಣಿಯಲ್ಲಿತ್ತು ಮನೆ. ಕೆಳಗೊಂದು, ಮೇಲೊಂದು, ನಡುವೆ ಹೊರಗಿನಿಂದ ಹತ್ತುವ ಮೆಟ್ಟಿಲು. ಮಹಾನಂದಾಳ ನರ್ಸ್ ಪಗಾರ, ಗಂಡ ಜಗದೇವನ ಬಸ್ ಡ್ರೈವರ್ ಪಗಾರ, ಮೇಲೆ ಬ್ಯಾಂಕಿನ ಸಾಲ, ಎಲ್ಲ ಸೇರಿ ಎದ್ದು ನಿಂತ ಮನೆ. ಅವರಿಬ್ಬರೂ ನಿಂಬರ್ಗಾದ ಕ್ವಾರ್ಟರ್ಸಿನಲ್ಲೇ ಇದ್ದು ಇದನ್ನು ಬಾಡಿಗೆಗೆ ಬಿಟ್ಟಿದ್ದರು. ಕೆಳಗೆ ಸಕ್ಕುಬಾಯಿ, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವ ಮುದುಕಿ. ಮೇಲೆ ಅನೀಲಕುಮಾರ, ವಿದ್ಯಾವತಿ. ಅನೀಲಕುಮಾರ ತೊಗರಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮ.

ಗೇಟಿಗೆ ಕೈ ಹಾಕಿದವಳು ಹಾಗೇ ನಿಂತಳು. ಗೇಟಿನ ಬಲಗಡೆಯ ಗೋಡೆಯಲ್ಲಿ ಎರಡು ಗೇಣು ಅಗಲದ ಒಂದು ಗೂಡು ಖಾಲಿ ಇರಬೇಕಿತ್ತು. ಅದು ತುಂಬಿತ್ತು. ಕರಿ ಕಲ್ಲು, ಅದರಲ್ಲಿ ಬಂಗಾರದ ಬಣ್ಣದ ಬಸವಣ್ಣ, ಕೆಳಗೆ ದಪ್ಪ ಅಕ್ಷರದಲ್ಲಿ 'ಬಸವ ಕೃಪಾ'. ಅಂಚಿನ ಸಿಮೆಂಟಿನ ಹಸಿ ಇನ್ನೂ ಪೂರ್ತಿ ಆರಿರಲಿಲ್ಲ.

ಆ ಗೂಡನ್ನು ಗೋಡೆ ಕಟ್ಟುವ ಗೌಂಡಿಗೆ ಅಳತೆ ಕೊಟ್ಟು ಬಿಡಿಸಿದವಳು ಮಹಾನಂದಾ. ಅವಳ ತಾಯಿ ಮರೆಮ್ಮ ಮಟಕಿ ಊರಿನ ಹೊಲಗಳಲ್ಲಿ ಕಂಡವರ ತೊಗರಿ ಕೊಯ್ದು ಮಗಳನ್ನು ಓದಿಸಿದಾಕೆ. ಈ ಮನೆಯ ಗೋಡೆ ಏಳುವಾಗ ಬೇರೆಯವರನ್ನು ನಂಬದೆ ತಾನೇ ಬಂದು ಇಪ್ಪತ್ತೊಂದು ದಿನ, ದಿನಕ್ಕೆ ಮೂರು ಸಲ ಗೋಡೆಗೆ ನೀರು ಹೊಡೆದಿದ್ದಳು. ಸ್ಲ್ಯಾಬ್ ಹಾಕುವುದಕ್ಕೆ ಮುಂಚೆ ತೀರಿಹೋದಳು. ಮಹಾನಂದಾ ಕಲಬುರಗಿಗೆ ಹೋಗಿ ಬಿಳಿ ಕಲ್ಲಿನಲ್ಲಿ ಅವ್ವನ ಹೆಸರು ಕೆತ್ತಿಸಿ ತಂದಳು. ಮೇಲೆ ಸಣ್ಣ ಬುದ್ಧ, ಕೆಳಗೆ 'ಮರೆಮ್ಮನ ಮನೆ'.

ಆ ಕಲ್ಲು ಗೂಡು ಸೇರಲಿಲ್ಲ. ಬಾಡಿಗೆದಾರರನ್ನು ತರುವ ದಲ್ಲಾಳಿ ಮೌಲಾಲಿ ಅದನ್ನು ನೋಡಿ ತಲೆ ಕೆರೆದುಕೊಂಡಿದ್ದ. ಈ ಹೆಸರು ಓದಿದರೆ ಜನ ಗೇಟಿನಿಂದಲೇ ಹೊಳ್ಳಿ ಹೋಗುತ್ತಾರೆ, ಒಂದು ಬಾಡಿಗೆ ಕೂಡಲಿ, ಆಮೇಲೆ ಹಚ್ಚಿ ಅಂದಿದ್ದ. ನಾಲ್ಕು ತಿಂಗಳು ಮೇಲಿನ ಮನೆ ಖಾಲಿ ಇತ್ತು, ಬ್ಯಾಂಕಿನವರು ಖಾಲಿ ಇರಲಿಲ್ಲ. ಜಗದೇವ ಹೂಂ ಅಂದ. ಮಹಾನಂದಾಳೂ ಹೂಂ ಅಂದಳು. ಬಾಡಿಗೆ ಕೂಡಿದ ಮೇಲೂ ಇಂದು ನಾಳೆ ಎಂದು ಕಲ್ಲು ಹಾಗೇ ಉಳಿದಿತ್ತು.

ಮೆಟ್ಟಿಲ ಕೆಳಗೆ ಬಗ್ಗಿ ನೋಡಿದಳು. ಗೋಣಿಚೀಲದಲ್ಲಿ ಸುತ್ತಿಟ್ಟ ಕಲ್ಲು ಅಲ್ಲೇ ಇತ್ತು. ಅದರ ಮೇಲೆ ಅನೀಲಕುಮಾರನ ಸ್ಕೂಟರಿನ ಹಳೆಯ ಟೈರು, ಟೈರಿನ ಮೇಲೆ ಎಣ್ಣೆಯ ಡಬ್ಬಿ. ಡಬ್ಬಿ ಸೋರಿ ಗೋಣಿ ಕಪ್ಪಾಗಿತ್ತು. ಮಹಾನಂದಾ ಟೈರನ್ನು ಎತ್ತಿ ಒಗೆದಳು. ಅದು ಉರುಳಿಕೊಂಡು ಹೋಗಿ ಗೇಟಿಗೆ ಬಡಿಯಿತು.

ಸದ್ದಿಗೆ ಸಕ್ಕುಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬುಧವಾರ ಪೂಜೆ ಮಾಡಿ ಕಲ್ಲು ಹಚ್ಚಿದರೆಂದೂ, ಓಣಿಗೆಲ್ಲ ಸಕ್ಕರೆ ಹಂಚಿದರೆಂದೂ, ಈಗ ಹಾಲಿನವನು, ಪೇಪರಿನವನು ಎಲ್ಲರೂ ಇದನ್ನು ಮುನೀಮರ ಮನೆ ಅನ್ನುತ್ತಾರೆಂದೂ ಹೇಳಿದಳು.

"ಅವ್ರು ನೀನೂ ತಮ್ಮ ಜಾತಿಯಾಕಿ ಅಂತ ತಿಳಕೊಂಡಾರ ಬೇ ತಂಗಿ. ಮೌಲಾಲಿ ಹಂಗಂತ ಹೇಳ್ಯಾನ."

"ನಿನಗ ಗೊತ್ತಿತ್ತೇನು, ನಾ ಯಾರಂತ?"

"ಮೊದಲನೇ ದಿನಾನೇ ಗೊತ್ತಾತು. ನಿನ್ನ ಫೋನಿನ ಹಿಂದ ಬಾಬಾಸಾಹೇಬ್ರ ಫೋಟೋ ಅದಲ್ಲ."

"ಮತ್ತ ಮ್ಯಾಲಿನವ್ರಿಗೆ ಯಾಕ ಹೇಳಲಿಲ್ಲ?"

"ಅವ್ರು ಕೇಳಿದ್ರ ಹೇಳ್ತಿದ್ದೆ. ನನ್ನ ಕಡೆ ಅವ್ರು ಕೇಳೋದು ಮೋಟರ್ ಬಟನ್ ಹಾಕ್ಯೋ ಇಲ್ಲೋ ಅಂತ ಅಷ್ಟ."

ಮಹಾನಂದಾ ಮೌಲಾಲಿಗೆ ಫೋನ್ ಮಾಡಿದಳು. ಎಲ್ಲಿದ್ದೀ ಎಂದು ಕೇಳಲಿಲ್ಲ, ಹತ್ತು ನಿಮಿಷದಲ್ಲಿ ಮನೆ ಹತ್ತಿರ ಇರು ಅಂದಳು. ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅತ್ತರು ಹಚ್ಚಿಕೊಂಡು, ಯಾವುದೋ ಮದುವೆಗೆ ಹೊರಟವನು ಮೌಲಾಲಿ ಹಾಗೇ ಬಂದ. ಗೂಡು ನೋಡಿದ, ಅವಳ ಮುಖ ನೋಡಿದ, ಮತ್ತೆ ಗೂಡು ನೋಡಿದ.

"ಬಾಯಾರ, ನಾ ಖಾಲಿಪೀಲಿ ಸುಳ್ಳು ಹೇಳಿಲ್ರಿ. ಅವ್ರು ಮಾಲಕರು ಯಾರು ಅಂದ್ರು. ಛಲೋ ಮಂದಿ, ನಿಮ್ಮಂಥವ್ರೇ ಅಂದೆ. ಅದಕ್ಕ ಅವ್ರು ಏನು ಅರ್ಥ ಮಾಡಕೊಂಡ್ರೋ ಅಲ್ಲಾಗೇ ಗೊತ್ತು."

"ನಿನಗ ಗೊತ್ತಿಲ್ಲೇನು?"

 ನಾಲ್ಕು ತಿಂಗಳಲ್ಲಿ ತಾನು ಮನೆ ತೋರಿಸಿಯೂ ಹೊಳ್ಳಿ ಹೋದ ಜನ ಎಷ್ಟೆಂದು ಅವನು ಒಬ್ಬೊಬ್ಬರನ್ನೇ ನೆನಪಿಸಲು ಹೊರಟ. ಮಹಾನಂದಾ ಅವನನ್ನು ಅಲ್ಲೇ ತಡೆದಳು. ಇಲ್ಲೇ ನಿಂತಿರು, ಹೋದರೆ ನಿನ್ನ ಮದುವೆ ಪಂಕ್ತಿಗೇ ಬಂದು ಜಗಳಾಡುತ್ತೇನೆ ಅಂದು ಮೆಟ್ಟಿಲು ಹತ್ತಿದಳು.

ಮೇಲೆ ವಿದ್ಯಾವತಿ ನಗುಮುಖದಲ್ಲೇ ಬಾಗಿಲು ತೆರೆದಳು. ಬರ್ರಿ ಅಕ್ಕಾರ, ನಳದ ಕಾಟ ತಪ್ಪತದ ಅಂದಳು. ಅನೀಲಕುಮಾರ ಲುಂಗಿ ಸರಿಮಾಡಿಕೊಂಡು ಎದ್ದು, ಕೇಳುವ ಮುಂಚೆಯೇ ಕಲ್ಲಿನ ಸುದ್ದಿ ತೆಗೆದ. ಗೂಡು ಖಾಲಿ ಇದ್ದರೆ ಮನೆಗೆ ಲಕ್ಷಣವಲ್ಲ, ನಿಮಗೆ ಖರ್ಚಾಗಬಾರದು ಎಂದು ನಾನೇ ಹಾಕಿಸಿದೆ, ಬಸವಣ್ಣ ನಮಗೂ ಬೇಕು ನಿಮಗೂ ಬೇಕು ಎಂದ. ಉಪಕಾರ ಮಾಡಿದವನ ಗತ್ತು ಅವನ ದನಿಯಲ್ಲಿತ್ತು.

"ಬಸವಣ್ಣ ಬೇಕು. ಆದ್ರ ನನ್ನ ಗೋಡಿ ಮ್ಯಾಲ ಹೆಸರು ಹಾಕಾಕ ನನ್ನನ್ನ ಕೇಳಬೇಕಿಲ್ಲೇನ್ರಿ? ಆ ಗೂಡು ನಮ್ಮವ್ವನ ಹೆಸರಿಗಿ ಬಿಟ್ಟಿದ್ದು."

ಯಾವ ಹೆಸರು ಎಂದು ವಿದ್ಯಾವತಿ ಕೇಳಿದಳು. ಮಹಾನಂದಾ ಹೇಳಿದಳು. ಆಮೇಲೆ ತನ್ನ ಜಾತಿಯನ್ನೂ ಹೇಳಿದಳು, ಅಜ್ಜನ ಕಾಲಕ್ಕೆ ಕರೆಯುತ್ತಿದ್ದ ಹೆಸರಿನಲ್ಲೇ, ಮತ್ತೆ ಈಗ ನಾವು ಬೌದ್ಧರು ಎಂದು. ಆಸ್ಪತ್ರೆಯಲ್ಲಿ ರೋಗಿಯ ಹೆಸರು ಕೂಗುವ ದನಿಯಲ್ಲಿ ಹೇಳಿದಳು. ಕೆಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿದ್ಯಾವತಿಯ ಕೈ ತನ್ನ ಸೆರಗು ಹಿಡಿಯಿತು. ಆಮೇಲೆ ಅವಳ ಬಾಯಿಂದ ಬಂದ ಮಾತು ಅವಳಿಗೂ ಬೇಕಾಗಿತ್ತೋ ಇಲ್ಲವೋ.

"ಅಯ್ಯ, ನಾ ನಿಮಗ ಉಡಿ ತುಂಬಿದ್ದೆನಲ್ರಿ."

ತುಂಬಿದ್ದಳು, ನಿಜ. ಒಳಗೆ ಬಂದ ದಿನ ಹಾಲು ಉಕ್ಕಿಸಿ, ಮನೆಯೊಡತಿಯನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಒಂದು ಹಸಿರು ಜಂಪರ್ ಪೀಸು ಹಾಕಿ ಉಡಿ ತುಂಬಿದ್ದಳು. ಬಗ್ಗಿ ಕಾಲಿಗೂ ಬಿದ್ದಿದ್ದಳು. ತಾಯಿ ಸತ್ತ ಮೇಲೆ ಮಹಾನಂದಾಳಿಗೆ ಯಾರೂ ಉಡಿ ತುಂಬಿರಲಿಲ್ಲ. ಆ ದಿನ ಬಸ್ಸಿನಲ್ಲಿ ನಿಂಬರ್ಗಾದ ತನಕ ಮಡಿಲಲ್ಲಿ ಅಕ್ಕಿ ಇಟ್ಟುಕೊಂಡು, ಒಂದು ಕಾಳು ಚೆಲ್ಲದ ಹಾಗೆ ಹೋಗಿದ್ದಳು. ಆ ಅಕ್ಕಿಯಲ್ಲಿ ಅನ್ನ ಮಾಡಿ ಗಂಡನಿಗೆ ಬಡಿಸುವಾಗ ಒಳ್ಳೆಯ ಜನ ಸಿಕ್ಕರು ನೋಡ್ರಿ ಅಂದಿದ್ದಳು. ಅದೆಲ್ಲ ಈಗ ಬೆಂಕಿಯಾಗಿ ಎದೆಗೆ ಏರಿತು.

"ಅಕ್ಕಿ ಉಂಡೇವಿ. ಕೊಬ್ಬರಿ ಚಟ್ನಿಗಿ ಹಾಕೀನಿ. ಜಂಪರ್ ಪೀಸ್ ಹೊಲಿಸೀನಿ, ಇದೇ ನೋಡ್ರಿ, ಮೈಮ್ಯಾಲ ಅದ. ಬಿಚ್ಚಿ ಕೊಡಂಗಿಲ್ಲ. ಹೇಳ್ರಿ, ಇನ್ನೇನು ವಾಪಸ್ ಬೇಕು?"

 ಅನೀಲಕುಮಾರ ಹಾಗಲ್ಲರೀ, ನಮಗೇನೂ ಇಲ್ಲರೀ, ಊರಿನಿಂದ ಹಿರಿಯರು ಬಂದರೆ ಕಷ್ಟ ಅಷ್ಟೇ ಎಂದು ಸುತ್ತಿ ಸುತ್ತಿ ಮಾತಾಡಿದ. ಅಷ್ಟರಲ್ಲಿ ಮಹಾನಂದಾ ಚೀಲದಿಂದ ಪಾನಾ ತೆಗೆದಿದ್ದಳು. ವಿದ್ಯಾವತಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು, ನಳ ಇರಲಿ ಬಿಡ್ರಿ, ನಾವೇ ಯಾರನ್ನಾದರೂ ಕರೆಸುತ್ತೇವೆ ಅಂದಳು. ಮೂರು ಸಲ ಫೋನ್ ಮಾಡಿದವಳು.

"ಸರೀರಿ. ನಳ ನಂದು."

ವಿದ್ಯಾವತಿ ಸರಿದಳು. ಮಹಾನಂದಾ ನಳ ಬಿಚ್ಚಿದಳು, ಸವೆದ ವಾಯ್ಸರ್ ಕಿತ್ತು ಹೊಸದು ಕೂಡಿಸಿದಳು, ಎರಡು ಸಲ ಪಾನಾ ಜಾರಿತು. ಬಿಗಿ ಮಾಡಿ, ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು ಕುಡಿದಳು. ನಿಲ್ಲಿಸಿದಳು. ಒಂದು ಹನಿಯೂ ಬೀಳಲಿಲ್ಲ.

ಕೆಳಗೆ ಬಂದು ಮೌಲಾಲಿಯನ್ನು ಸಿಮೆಂಟಿಗೆ ಓಡಿಸಿದಳು. ಅವನು ಅರ್ಧ ಚೀಲ ಸಿಮೆಂಟು, ಒಂದು ಬುಟ್ಟಿ ಉಸುಕು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದ. ಸಕ್ಕುಬಾಯಿ ತನ್ನ ಹಿಟ್ಟು ನಾದುವ ಹಳೆಯ ಪರಾತ ಕೊಟ್ಟಳು. ಯಾರು ಕಲಸಬೇಕು ಎಂದು ಮೌಲಾಲಿ ಕೇಳಲಿಲ್ಲ, ತೋಳು ಏರಿಸಿದ. ನೀರು ಜಾಸ್ತಿಯಾಯಿತು ಎಂದು ಸಕ್ಕುಬಾಯಿ ಬೈದಳು.

"ರೊಟ್ಟಿ ಹಿಟ್ಟು ಹಿಂಗ ನಾದಿದ್ರ ನಿನ್ನ ಹೆಂಡ್ತಿ ಮನಿ ಬಿಟ್ಟು ಓಡಿಸ್ತಿದ್ಳು ಲೇ."

ಮಹಾನಂದಾ ನಗಲಿಲ್ಲ. ಗೋಣಿ ಬಿಚ್ಚಿ ಕಲ್ಲಿನ ಮೇಲಿನ ಎಣ್ಣೆಯನ್ನು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಬುದ್ಧನ ಎಡ ಭುಜದ ಹತ್ತಿರ ಒಂದು ಹಳದಿ ಕಲೆ ಉಳಿದೇ ಬಿಟ್ಟಿತು. ಗೇಟಿನ ಎಡಗಡೆ, ಬಂದವರ ಕಣ್ಣಿಗೆ ನೇರವಾಗಿ, ಕಲ್ಲು ಹಚ್ಚಿದರು. ಗೂಡು ಇಲ್ಲದ್ದರಿಂದ ಅದು ಗೋಡೆಯಿಂದ ಒಂದು ಇಂಚು ಹೊರಗೆ ಬಂದು ನಿಂತಿತು. ಸಿಮೆಂಟು ಹಿಡಿಯುವ ತನಕ ಮಹಾನಂದಾ ಎರಡೂ ಅಂಗೈ ಒತ್ತಿ ಹಿಡಿದುಕೊಂಡಿದ್ದಳು. ಮೇಲೆ ಗ್ಯಾಲರಿಯಲ್ಲಿ ವಿದ್ಯಾವತಿ ನಿಂತು ನೋಡಿ ಒಳಗೆ ಹೋದಳು.

ಸಂಜೆ ಜಗದೇವ ಸುದ್ದಿ ಕೇಳಿ ಫೋನ್ ಮಾಡಿ, ಜರಾ ತಡೆದಿದ್ದರೆ ಆಗುತ್ತಿತ್ತು, ಬ್ಯಾಂಕಿನ ಕಂತು ಹೆಂಗ ಮಾಡೋದು ಅಂದ. ಬಾಡಿಗೆ ಹೋದರೆ ಇನ್ನೊಂದು ಬರುತ್ತದೆ ಎಂದಳು ಮಹಾನಂದಾ. ಬರುತ್ತದೆಂಬ ಭರವಸೆ ಅವಳಿಗೂ ಇರಲಿಲ್ಲ.

ಅವಳು ಖಾಲಿ ಮಾಡಿ ಎಂದು ಒಂದು ಮಾತೂ ಅನ್ನಲಿಲ್ಲ. ತಿಂಗಳ ಕೊನೆಗೆ ಅವರೇ ಟೆಂಪೋ ತಂದರು. ಕೀಲಿಕೈ ತೆಗೆದುಕೊಳ್ಳಲು ಮಹಾನಂದಾ ಬಂದಾಗ ಅನೀಲಕುಮಾರ ಸುತ್ತಿಗೆ, ಚಾಣ ಹಿಡಿದು ಬಲಗಡೆಯ ಗೂಡಿನ ಮುಂದೆ ನಿಂತಿದ್ದ. ಕರಿ ಕಲ್ಲಿನ ಅಂಚಿಗೆ ಆಗಲೇ ಎರಡು ಏಟು ಬಿದ್ದಿದ್ದವು.

"ಕೈ ತಗೀರಿ."

"ನಂದು ರೀ ಕಲ್ಲು. ರೊಕ್ಕ ಕೊಟ್ಟು ಮಾಡಿಸೀನಿ."

"ಗೋಡಿ ನಂದು. ನೀವು ಹೋಗ್ರಿ, ಬಸವಣ್ಣ ಇಲ್ಲೇ ಇರಲಿ. ಆತ ಹೋಗ್ತೀನಿ ಅಂತ ನನಗ ಹೇಳಿಲ್ಲ."

ಅನೀಲಕುಮಾರ ಚಾಣ ಇಳಿಸಿದ. ಟೆಂಪೋದವನು ಹಾರ್ನ್ ಹೊಡೆದ. ವಿದ್ಯಾವತಿ ಕೀಲಿಕೈಯನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಟೆಂಪೋ ಹತ್ತಿ ಕೂತಳು. ಮಹಾನಂದಾ ಆ ಕೀಲಿಕೈಯನ್ನು ಟೆಂಪೋ ತಿರುವು ದಾಟುವ ತನಕ ಮುಟ್ಟಲಿಲ್ಲ.

ಮುಂದಿನ ಭಾನುವಾರ ಮೌಲಾಲಿ ಒಂದು ಹೊಸ ಜೋಡಿಯನ್ನು ಕರೆತಂದ. ಇವರು ಜೇವರ್ಗಿ ಕಡೆಯವರು, ಗಂಡ ಮೇಷ್ಟ್ರು ಎಂದು ಹೇಳಿ, ಅಭ್ಯಾಸಬಲದಿಂದ ಗೇಟನ್ನು ಸರಕ್ಕನೆ ತೆರೆದು, ಬರ್ರಿ ಬರ್ರಿ, ಮೊದಲು ಮೇಲಿನ ಮನೆ ನೋಡ್ರಿ ಎಂದು ಅವರನ್ನು ಎಡಗಡೆಯ ಗೋಡೆ ದಾಟಿಸಲು ನೋಡಿದ. ಮಹಾನಂದಾ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು, ಅದೇ ಹಸಿರು ಜಂಪರ್ ತೊಟ್ಟು. ಅವಳು ಏಳಲಿಲ್ಲ, ದಾರಿಯನ್ನೂ ಬಿಡಲಿಲ್ಲ.

"ಮೌಲಾಲಿ, ಅವ್ರನ್ನ ಹೊಳ್ಳಿ ಗೇಟಿಗಿ ಕರಕೊಂಡು ಹೋಗು. ಎರಡೂ ಕಲ್ಲು ಓದಲಿ. ಓದಿ ಆದಮ್ಯಾಲ ಮ್ಯಾಲ ಬರಲಿ."

ಮೇಷ್ಟ್ರು ಹಿಂದೆ ಹೋಗಿ ಕನ್ನಡಕ ಹಾಕಿಕೊಂಡರು. ಅವರು ಓದುವ ತನಕ ಅವಳು ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದಳು.