ವೀಕ್ಷಣಾ ಕೊಠಡಿಯ ಸ್ವಿಚ್ಚು

ನಮ್ಮ ಮನಶ್ಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆಂದು ಹದಿನಾಲ್ಕು ಸೌಲಭ್ಯಗಳಿವೆ. ಹದಿನಾಲ್ಕಕ್ಕೂ ಬೀಗಗಳಿವೆ. ಇಪ್ಪತ್ತೆರಡು ವರ್ಷದಿಂದ ಆ ಬೀಗದ ಕೈಗಳನ್ನು ಕಾಯುತ್ತಿರುವ ಪ್ರಯೋಗಾಲಯದ ಸಹಾಯಕಿ ನಾನು. ವಿದ್ಯಾರ್ಥಿಗಳು ನನ್ನನ್ನು ಬೀಗದಕ್ಕ ಅನ್ನುತ್ತಾರೆ. ಬೆನ್ನ ಹಿಂದೆ ಇನ್ನೇನು ಅನ್ನುತ್ತಾರೋ, ಕೇಳಿಸಿಕೊಳ್ಳುವ ಗೋಜಿಗೆ ಹೋಗಿಲ್ಲ.

ಸೌಲಭ್ಯಗಳ ಪಟ್ಟಿ ಹೊಳೆಯುವ ಕಾಗದದಲ್ಲಿ ಅಚ್ಚಾಗಿದೆ. ಮಿದುಳಿನ ಅಲೆ ಅಳೆಯುವ ಮೆಷಿನ್ ಇದೆ. ಅದು ಬಂದು ನಾಲ್ಕು ವರ್ಷವಾಯಿತು, ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಸುಲಿದಿಲ್ಲ. ಬುದ್ಧಿಮತ್ತೆ ಪರೀಕ್ಷೆಯ ಪೆಟ್ಟಿಗೆಗಳಿವೆ, ಬಿಲ್ಲೆಗಳು, ಚಿತ್ರದ ಕಾರ್ಡುಗಳು, ಎಲ್ಲವೂ ಗಾಜಿನ ಬೀರುವಿನಲ್ಲಿ ಬಣ್ಣದ ಪ್ರಕಾರ ಜೋಡಿಸಿಟ್ಟದ್ದು. ಕೇಳಿದವರಿಗೆ ಕೊಟ್ಟರೆ ಒಂದೆರಡು ಬಿಲ್ಲೆ ಕಳೆದುಹೋಗಬಹುದಂತೆ. ಸಂಖ್ಯಾಶಾಸ್ತ್ರದ ಕಂಪ್ಯೂಟರಿನ ಪಾಸ್‌ವರ್ಡು ಒಬ್ಬ ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು, ನಿವೃತ್ತರಾಗುವಾಗ ಅದನ್ನೂ ಜೊತೆಗೆ ಒಯ್ದರು. ಓದಿ ಓದಿ ಮನಸ್ಸು ಬಳಲಿದ ವಿದ್ಯಾರ್ಥಿಗಳಿಗೆ ನೆಮ್ಮದಿ ಕೊಠಡಿ ಎಂಬುದೊಂದಿದೆ. ಅದರ ಸೋಫಾದ ಮೇಲೆ ಕೂರಬೇಕಾದರೆ ಮೂರು ಸಹಿ ಬೇಕು. ಮೂರನೆಯ ಸಹಿ ಸಿಗುವ ಹೊತ್ತಿಗೆ ಒಂದೋ ಮನಸ್ಸು ತಾನಾಗಿಯೇ ನೆಟ್ಟಗಾಗಿರುತ್ತದೆ, ಇಲ್ಲವೇ ವಿದ್ಯಾರ್ಥಿ ಓದು ಬಿಟ್ಟು ಹೋಗಿರುತ್ತಾನೆ.

ಇಷ್ಟೆಲ್ಲಕ್ಕೂ ಒಡೆಯರು ನಮ್ಮ ವಿಭಾಗದ ಮುಖ್ಯಸ್ಥರು, ರಿಬ್ಬನ್ ಸರ್. ಬಾಗಿಲು ಕಂಡರೆ ಸಾಕು, ಅದಕ್ಕೊಂದು ರಿಬ್ಬನ್ ಕಟ್ಟಿಸಿ ಕತ್ತರಿಸಿ ಫೋಟೋ ತೆಗೆಸಿಕೊಳ್ಳುವ ಆಸಾಮಿ. ರಿಬ್ಬನ್ ಕತ್ತರಿಸಿದ ಮರುಗಳಿಗೆಯೇ ಬೀಗ ಹಾಕಿಸುತ್ತಾರೆ. ಮನುಷ್ಯರ ಮನಸ್ಸಿನ ಬಗ್ಗೆ ಮೂವತ್ತು ವರ್ಷ ಪಾಠ ಮಾಡಿದ್ದಾರೆ, ಎದುರಿಗೆ ನಿಂತವಳು ಅಳುತ್ತಿದ್ದಾಳೆಂದು ತಿಳಿಯಲು ಅವರಿಗೆ ಯಾರಾದರೂ ಹೇಳಬೇಕು.

ಐದು ವರ್ಷಕ್ಕೊಮ್ಮೆ ತಪಾಸಣಾ ಸಮಿತಿ ಬರುತ್ತದೆ. ಅದಕ್ಕೆ ವಾರ ಮುಂಚೆ ಸೆಮಿನಾರ್ ಹಾಲಿನಲ್ಲಿ ಐದಾರು ವಿದ್ಯಾರ್ಥಿಗಳನ್ನು ಕೂರಿಸಿ ಬಳಕೆಯ ರಿಜಿಸ್ಟರ್ ಬರೆಸುತ್ತಾರೆ. ಯಾವ ಸೌಲಭ್ಯವನ್ನು ಯಾರು, ಯಾವ ದಿನ, ಎಷ್ಟು ಹೊತ್ತು ಬಳಸಿದರು ಅಂತ ಐದು ವರ್ಷದ ಸುಳ್ಳನ್ನು ಎರಡು ದಿನದಲ್ಲಿ ಬರೆದು ಮುಗಿಸಬೇಕು. ಮಿದುಳಿನ ಮೆಷಿನ್ ಬರುವುದಕ್ಕೆ ಮೂರು ತಿಂಗಳು ಮುಂಚೆಯೇ ಅದನ್ನು ಬಳಸಿದ ಪುಣ್ಯಾತ್ಮರೂ ಅದರಲ್ಲಿದ್ದಾರೆ. ಒಂದೇ ಪೆನ್ನಿನಲ್ಲಿ ಬರೆದರೆ ಸಿಕ್ಕಿಬೀಳುತ್ತೀರಿ, ಪುಟಕ್ಕೊಂದು ಪೆನ್ನು ಬದಲಿಸಿ ಎಂದು ಅವರಿಗೆ ಹೇಳಿಕೊಟ್ಟವಳು ನಾನೇ. ಹೇಳಿಕೊಡುವಾಗ ಅವರನ್ನೂ ಬೈದೆ, ರಿಬ್ಬನ್ ಸರ್‌ರನ್ನೂ ಮನಸ್ಸಿನಲ್ಲಿ ಬೈದೆ. ಬೈದುಬಿಟ್ಟರೆ ನನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಹದಿನಾಲ್ಕರಲ್ಲಿ ನಿಜಕ್ಕೂ ಬೆಲೆಯುಳ್ಳದ್ದು ವೀಕ್ಷಣಾ ಕೊಠಡಿ. ಅಕ್ಕಪಕ್ಕದ ಎರಡು ಕೋಣೆ, ನಡುವೆ ಗೋಡೆಯಗಲದ ದಪ್ಪ ಗಾಜು. ಒಂದು ಕೋಣೆಯಲ್ಲಿ ಮಗು ಆಡುತ್ತಿರುತ್ತದೆ, ಇನ್ನೊಂದರಲ್ಲಿ ನೋಡುವವರು ಕೂರುತ್ತಾರೆ. ಮಗುವಿನ ಕಡೆ ದೀಪ ಉರಿಯುತ್ತಿದ್ದು ನೋಡುವವರ ಕಡೆ ಕತ್ತಲಿದ್ದರೆ ಮಗುವಿಗೆ ಗಾಜು ಬರೀ ಕನ್ನಡಿ. ತನ್ನ ಮುಖವಷ್ಟೇ ಕಾಣುತ್ತದೆ. ನೋಡುವವರ ಕಡೆ ದೀಪ ಹಾಕಿದಿರೋ, ಕನ್ನಡಿ ಹೋಗಿ ಕಿಟಕಿಯಾಗುತ್ತದೆ, ಒಳಗೆ ಕೂತವರೆಲ್ಲ ಮಗುವಿಗೆ ಕಾಣುತ್ತಾರೆ. ಇಡೀ ವಿದ್ಯೆ ಇರುವುದು ಒಂದು ಸ್ವಿಚ್ಚಿನಲ್ಲಿ. ಗಾಜು ಕೂರಿಸಲು ಬಂದ ಕೆಲಸಗಾರ ಇದನ್ನು ನನಗೆ ಎರಡು ಸಲ ತೋರಿಸಿ ಹೇಳಿಕೊಟ್ಟಿದ್ದ. ರಿಬ್ಬನ್ ಸರ್ ಆಗ ಬಾಗಿಲಲ್ಲಿ ಫೋಟೋಗೆ ನಿಂತಿದ್ದರು.

ಆ ಕೊಠಡಿ ಬೇಕು ಅಂತ ಒಂದು ವರ್ಷದಲ್ಲಿ ಒಂಬತ್ತು ಅರ್ಜಿ ಕೊಟ್ಟವಳು ಮೆಟ್ಟಿಲ ಹುಡುಗಿ. ಪಿಎಚ್‌ಡಿ ಮಾಡುತ್ತಿದ್ದಳು. ಕೂರಲು ಜಾಗ ಸಿಗದೆ, ಮೂರನೇ ಮಹಡಿಯ ಮೇಲೆ, ಟೆರೇಸಿನ ಬಾಗಿಲ ಮುಂದೆ ಮೆಟ್ಟಿಲು ಮುಗಿಯುವಲ್ಲಿ ಚಾಪೆ ಹಾಸಿಕೊಂಡು ತನ್ನ ಕೆಲಸ ನಡೆಸುತ್ತಿದ್ದಳು, ಅದಕ್ಕೇ ಆ ಹೆಸರು. ಪ್ರತಿ ಮಂಗಳವಾರ ಮಧ್ಯಾಹ್ನ ಅಲ್ಲಿಗೆ ಒಬ್ಬ ತಾಯಿ ಆರು ವರ್ಷದ ಮಗಳನ್ನು ಕರೆತರುತ್ತಿದ್ದಳು. ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ವಾರಕ್ಕೊಂದು ಅರ್ಧ ದಿನ ರಜೆ ಗಿಟ್ಟಿಸಿಕೊಂಡು ಬರುತ್ತಿದ್ದಳು.

ಮಗು ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತದಂತೆ. ಹೊಸ್ತಿಲು ದಾಟಿದರೆ ಮುಗಿಯಿತು, ಉಸಿರಿಲ್ಲ. ಶಾಲೆಯಲ್ಲಿ ಎರಡು ವರ್ಷದಿಂದ ಒಂದಕ್ಷರ ಆಡಿಲ್ಲ. ಮೂಗಿ ಎಂದು ಕರೆದು ಬೇರೆ ಮಕ್ಕಳು ಚಿವುಟಿದರೂ ಅಯ್ಯೋ ಎಂದಿಲ್ಲ. ಮೊದಲ ಮೂರು ವಾರ ತಾಯಿಯ ಬೆನ್ನ ಹಿಂದೆಯೇ ಕೂತಿತ್ತು. ಹುಡುಗಿ ಮಾತಾಡಿಸುವ ಗೋಜಿಗೇ ಹೋಗಲಿಲ್ಲ, ಪಕ್ಕದಲ್ಲಿ ಕೂತು ಗುಂಡಿ ಪೋಣಿಸಿದಳು. ಆರನೇ ವಾರ ಮಗು ಅವಳ ಕಿವಿಯಲ್ಲಿ "ಕೆಂಪು" ಅಂದಿತು. ಹುಡುಗಿ ಕೆಳಗಿಳಿದು ಬಂದು ನನ್ನ ಕೋಣೆಯಲ್ಲಿ ಕೂತು ಅತ್ತಳು.

"ಒಂದು ಬಣ್ಣಕ್ಕೆ ಇಷ್ಟು ಅಳೋದಾದ್ರೆ ವಾಕ್ಯ ಹೇಳಿದ ದಿನ ಬಕೆಟ್ ತಂದಿಡ್ಬೇಕಾ?" ಅಂದೆ.

"ಇಡಿ ಅಕ್ಕ," ಅಂದಳು.

ಹನ್ನೊಂದನೇ ವಾರಕ್ಕೆ ಮಗು ಆ ಮೆಟ್ಟಿಲ ಮೇಲೆ ಧ್ವನಿ ತೆಗೆದು ಮಾತಾಡುತ್ತಿತ್ತು, ಹುಡುಗಿಗೆ ಗದರುತ್ತಲೂ ಇತ್ತು. ಆದರೆ ನಿಯಮದ ಪ್ರಕಾರ ಇನ್ನೊಬ್ಬ ಪರಿಣತರು ತಾವೇ ನೋಡಿ, ಮಗು ಎಷ್ಟು ಮಾತಾಡಿತು ಎಂದು ಎಣಿಸಿ ಬರೆಯಬೇಕು. ಇಲ್ಲದಿದ್ದರೆ ಪ್ರಬಂಧ ಮಾನ್ಯವಾಗುವುದಿಲ್ಲ. ಇನ್ನೊಬ್ಬರ ನೆರಳು ಕಂಡರೂ ಮಗು ಬಾಯಿ ಮುಚ್ಚುತ್ತದೆ. ಹಾಗಾಗಿ ಅವಳಿಗೆ ಬೇಕಾಗಿದ್ದದ್ದು ಆ ಗಾಜೊಂದೇ. ಅವಳ ಅವಧಿ ಮುಗಿಯಲು ಒಂದು ತಿಂಗಳಿತ್ತು. ಒಂಬತ್ತು ಅರ್ಜಿಗೂ ರಿಬ್ಬನ್ ಸರ್ ಬರೆದದ್ದು ಒಂದೇ, ತಪಾಸಣೆಯ ನಂತರ ನೋಡೋಣ.

ತಪಾಸಣೆಗೆ ನಾಲ್ಕು ದಿನವಿದ್ದಾಗ ಅವರೇ ಅವಳನ್ನು ಕರೆಸಿದರು. ಸೌಲಭ್ಯ ಬಳಕೆಯಾಗುವುದನ್ನು ಕಣ್ಣಾರೆ ನೋಡಬೇಕು ಎಂದು ಸಮಿತಿ ಪತ್ರ ಬರೆದಿತ್ತಂತೆ. ಐದು ವರ್ಷದಲ್ಲಿ ಒಮ್ಮೆಯೂ ಬಳಸದ್ದನ್ನು ಯಾರಿಂದ ಬಳಸಿ ತೋರಿಸುವುದು?

"ನಿನ್ನ ಆ ಮಾತಾಡದ ಮಗು ಇದೆಯಲ್ಲ, ಮಂಗಳವಾರ ಅದನ್ನ ಕರ್ಕೊಂಡು ಬಾ," ಎಂದರು. "ಸಮಿತಿಯಲ್ಲೇ ಪರಿಣತರಿದ್ದಾರೆ, ಅವರೇ ಎಣಿಸಿ ಸಹಿ ಹಾಕ್ತಾರೆ. ನಿನ್ನ ಕೆಲಸಾನೂ ಆಯ್ತು, ನಮ್ಮ ಕೆಲಸಾನೂ ಆಯ್ತು."

ಹುಡುಗಿ ಬಾಗಿಲಲ್ಲಿ ನಿಂತಿದ್ದ ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ಹೇಳಿದಳು, "ಸರಿ ಸರ್. ಆದ್ರೆ ಆ ಕಡೆ ಕೋಣೇಲಿ ಪೂರ್ತಿ ಕತ್ತಲು ಇರ್ಬೇಕು. ಶಬ್ದ ಆಗ್ಬಾರ್ದು. ತಾಯಿಗೆ ಎಲ್ಲಾ ಹೇಳಿ ಒಪ್ಪಿಸ್ತೀನಿ, ಮಗು ಮಾತ್ರ ನಾವು ಮೂರೇ ಜನ ಅಂದ್ಕೊಂಡಿರುತ್ತೆ."

"ಅದೆಲ್ಲಾ ನನಗೆ ಹೇಳಿಕೊಡ್ತೀಯಾ? ನಾನು ಈ ವಿಭಾಗದ ಮುಖ್ಯಸ್ಥ," ಎಂದು ರಿಬ್ಬನ್ ಸರ್ ನಕ್ಕರು. ಆ ಗಾಜಿನ ಗುಟ್ಟು ಅವರಿಗೆ ಗೊತ್ತೇ ಇಲ್ಲವೆಂದು ಆ ನಗುವಿನಲ್ಲೇ ನನಗೆ ಅರ್ಥವಾಗಬೇಕಿತ್ತು.

ಹುಡುಗಿಗೂ ನಂಬಿಕೆ ಬಂದಿರಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಆ ಸ್ವಿಚ್ ಹತ್ರ ನೀವೇ ನಿಂತ್ಕೊಳ್ಳಿ. ಯಾರು ಏನೇ ಹೇಳಿದ್ರೂ ಹಾಕ್ಬೇಡಿ."

"ಆ ದೇವರೇ ಬಂದು ಹೇಳಿದ್ರೂ ಹಾಕಲ್ಲ, ಹೋಗು," ಅಂದೆ. ನನ್ನ ಬಗ್ಗೆ ನನಗೆ ಅಷ್ಟು ಹೆಮ್ಮೆಯಿತ್ತು.

ಮಂಗಳವಾರ ಸಮಿತಿಯವರು ಏಳು ಜನ ಬಂದರು. ಬೆಳಗಿನಿಂದ ತಿಂದು ತಿಂದು ಅವರ ನಡಿಗೆಯೇ ಭಾರವಾಗಿತ್ತು. ಮಿದುಳಿನ ಮೆಷಿನ್ನಿನ ಮುಂದೆ ನಿಂತು ತಲೆ ಆಡಿಸಿದರು, ಪ್ಲಾಸ್ಟಿಕ್ ಹಾಳೆ ಒಬ್ಬರ ಕಣ್ಣಿಗೂ ಬೀಳಲಿಲ್ಲ. ರಿಜಿಸ್ಟರ್ ತಿರುವಿ ಹಾಕಿದ ಒಬ್ಬರು, "ಅಬ್ಬಾ, ಭಾನುವಾರವೂ ಬಳಸಿದ್ದಾರೆ!" ಎಂದು ಮೆಚ್ಚಿದರು. ರಿಬ್ಬನ್ ಸರ್ ಎದೆಯುಬ್ಬಿಸಿಕೊಂಡು ಅವರ ಹಿಂದೆ ಮುಂದೆ ಸುಳಿಯುತ್ತಿದ್ದರು.

ಮಧ್ಯಾಹ್ನ ಎಲ್ಲರನ್ನೂ ಕತ್ತಲೆ ಕೋಣೆಗೆ ಕರೆತಂದು ಕೂರಿಸಿದೆ. ಗಾಜಿನ ಆಚೆ ದೀಪದ ಬೆಳಕಿನಲ್ಲಿ ತಾಯಿ, ಹುಡುಗಿ, ಮಗು ನೆಲದ ಮೇಲೆ ಕೂತಿದ್ದರು. ಹೊಸ ಜಾಗ ನೋಡಿ ಮಗು ಹತ್ತು ನಿಮಿಷ ಗುಮ್ಮನೆ ಕೂತಿತ್ತು. ಕನ್ನಡಿಯ ಹತ್ತಿರ ಬಂದು ಮೂಗು ಒತ್ತಿ ತನ್ನನ್ನೇ ನೋಡಿಕೊಂಡಿತು. ತಿರುಗಿ ಹುಡುಗಿಯನ್ನು ಕೇಳಿದ್ದು ಸ್ಪೀಕರಿನಲ್ಲಿ ನಮಗೆ ಸ್ಪಷ್ಟವಾಗಿ ಕೇಳಿಸಿತು.

"ಇಲ್ಲಿ ಯಾರೂ ಇಲ್ವಾ?"

"ನಾವೇ ಮೂರು ಜನ," ಎಂದಳು ಹುಡುಗಿ.

ಮಗು ಕೂತು ಮರದ ಬಿಲ್ಲೆಗಳಲ್ಲಿ ಮನೆ ಕಟ್ಟಲು ಶುರುಮಾಡಿತು. "ಅದು ಬಾಗಿಲು ಅಲ್ಲ, ಇದು ಬಾಗಿಲು. ನಿಂಗೆ ಏನೂ ಬರಲ್ಲ," ಎಂದು ಹುಡುಗಿಯನ್ನು ಗದರಿತು. ಎರಡು ವರ್ಷ ಶಾಲೆಯಲ್ಲಿ ತುಟಿ ಬಿಚ್ಚದ ಮಗು! ಪರಿಣತರೆನಿಸಿಕೊಂಡ ಹೆಂಗಸು ಎಣಿಸುತ್ತಿದ್ದಾರೋ ಎಂದು ನೋಡಿದೆ. ಅವರ ಹಾಳೆ ಖಾಲಿಯಿತ್ತು, ಕಾಫಿ ಯಾವಾಗ ಎಂದು ಪಕ್ಕದವರನ್ನು ಪಿಸುಗುಟ್ಟಿ ಕೇಳುತ್ತಿದ್ದರು.

ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರು ಗೊಣಗಿದರು, "ಏನ್ರೀ ಇದು, ಕತ್ತಲಲ್ಲಿ ಕೂರಿಸಿದೀರಿ? ಫೈಲೇ ಕಾಣ್ತಿಲ್ಲ. ನನ್ನ ಕನ್ನಡಕ ಎಲ್ಲಿ ಬಿತ್ತೋ."

ರಿಬ್ಬನ್ ಸರ್ ದಡಬಡಿಸಿ ಎದ್ದರು. "ಕ್ಷಮಿಸಿ ಸರ್, ಕ್ಷಮಿಸಿ. ಹಾಗೇ ಒಂದು ಫೋಟೋನೂ ಆಗ್ಬೇಕಿತ್ತು. ಏ, ಲೈಟ್ ಹಾಕು!"

"ಸರ್, ಗಾಜು..." ಎಂದೆ. ಅಷ್ಟೇ ಎಂದದ್ದು.

"ನಂಗೇ ಸೈಕಾಲಜಿ ಹೇಳಿಕೊಡ್ತೀಯಾ? ದೊಡ್ಡವರು ಕತ್ತಲಲ್ಲಿ ಕೂತಿದ್ದಾರೆ, ಹಾಕು ಅಂದ್ರೆ ಹಾಕು!"

ನಾನು ಹಾಕಿದೆ.

ನಾಲ್ಕು ಟ್ಯೂಬ್‌ಲೈಟು ಒಂದರ ಹಿಂದೊಂದು ಹತ್ತಿಕೊಂಡವು. ಕೈಯಲ್ಲಿ ಬಿಲ್ಲೆ ಹಿಡಿದಿದ್ದ ಮಗು ತಲೆಯೆತ್ತಿತು. ತನ್ನ ಮುಖವಿದ್ದ ಜಾಗದಲ್ಲಿ ಏಳು ಮುಖಗಳು, ಕುರ್ಚಿಗಳಲ್ಲಿ ಸಾಲಾಗಿ, ತನ್ನನ್ನೇ ನೋಡುತ್ತ, ಪಕ್ಕದಲ್ಲಿ ನಿಂತ ರಿಬ್ಬನ್ ಸರ್, ಕ್ಯಾಮೆರಾ ಹಿಡಿದ ಫೋಟೋದವನು. ಬಾಗಿಲ ಪಕ್ಕ, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡ ನಾನು. ಮಗು ಅಳಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತು. ಆಮೇಲೆ ಅದು ನಮ್ಮನ್ನು ನೋಡಲೇ ಇಲ್ಲ, ಮೆಟ್ಟಿಲ ಹುಡುಗಿಯನ್ನು ನೋಡಿತು. ಹುಡುಗಿ ತಬ್ಬಿಕೊಳ್ಳಲು ಕೈ ಚಾಚಿದರೆ ಹಿಂದಕ್ಕೆ ಸರಿದು ತಾಯಿಯ ಬೆನ್ನಿಗೆ ಹೋಗಿ ಕೂತಿತು. ಅದೇ ಹೊತ್ತಿಗೆ ಫೋಟೋದವನು ಕ್ಲಿಕ್ಕಿಸಿದ.

"ನೋಡಿ ಸರ್, ಹೇಗೆ ಮೌನವಾಗಿಬಿಟ್ಟಿತು!" ಎಂದರು ರಿಬ್ಬನ್ ಸರ್. ಏಳೂ ಜನ ಹೌದು ಹೌದು ಎಂದು ತಲೆ ಆಡಿಸಿದರು. ಜಗತ್ತಿನಲ್ಲಿ ಮೂರ್ಖರಿಗೆ ಬರವಿಲ್ಲ ಎಂದು ಗೊತ್ತಿತ್ತು. ಅಷ್ಟು ಜನ ಒಂದೇ ಕೋಣೆಯಲ್ಲಿ ಕೂತದ್ದನ್ನು ಮೊದಲ ಸಲ ಕಂಡೆ.

ಹದಿನೈದು ದಿನಕ್ಕೆ ವರದಿ ಬಂತು. ವಿಭಾಗಕ್ಕೆ ಅತ್ಯುನ್ನತ ಶ್ರೇಣಿ. ವೀಕ್ಷಣಾ ಕೊಠಡಿಯ ಬಗ್ಗೆ ಬೇರೆಯಾಗಿಯೇ ಒಂದು ಮಾತು ಬರೆದಿದ್ದರು, "ಮಾತಾಡದ ಮಗುವಿನ ಸಮಸ್ಯೆಯನ್ನು ಕಣ್ಣಿಗೆ ಕಟ್ಟುವಂತೆ ಪ್ರದರ್ಶಿಸಲಾಯಿತು." ಪರಿಣತ ಹೆಂಗಸು ಸಹಿ ಹಾಕಿದ ಹಾಳೆಯೂ ಬಂತು. ಮಗು ಆಡಿದ ಮಾತುಗಳು, ಸೊನ್ನೆ.

ಆ ಹಾಳೆಯನ್ನು ನಾನೇ ಮೂರನೇ ಮಹಡಿಗೆ ಒಯ್ದು ಕೊಟ್ಟೆ. ಮೆಟ್ಟಿಲ ಹುಡುಗಿ ಚಾಪೆ ಸುತ್ತುತ್ತಿದ್ದಳು. ರಿಬ್ಬನ್ ಸರ್ ದೊಡ್ಡ ಮನಸ್ಸು ಮಾಡಿ ಅವಳಿಗೆ ಒಂದು ವರ್ಷದ ಹೆಚ್ಚುವರಿ ಅವಧಿ ಕೊಟ್ಟಿದ್ದರು, ಆ ಪತ್ರವನ್ನು ಅವಳು ಬಿಚ್ಚಿಯೂ ನೋಡಿರಲಿಲ್ಲ.

"ಮಗು ಹೇಗಿದೆ?" ಎಂದೆ.

"ಬರಲ್ಲ. ನಾನು ಮನೆಗೇ ಹೋಗಿದ್ದೆ. ನನ್ನ ನೋಡಿ ಮಂಚದ ಕೆಳಗೆ ಹೋಯ್ತು. ಈಗ ಮನೇಲೂ ಅಮ್ಮನ ಕಿವೀಲಿ ಮಾತ್ರ ಮಾತಾಡುತ್ತಂತೆ. ಮಾತಾಡೋ ಮುಂಚೆ ಗೋಡೆ ಎಲ್ಲಾ ಮುಟ್ಟಿ ನೋಡುತ್ತಂತೆ."

"ಹಾಳಾಗಿ ಹೋಗ್ಲಿ ಆ ಮುಠ್ಠಾಳರು!" ಎಂದು ಶುರುಮಾಡಿದೆ. ಅಧ್ಯಕ್ಷರನ್ನು, ಅವರ ಕನ್ನಡಕವನ್ನು, ಕಾಫಿಯ ಹೆಂಗಸನ್ನು, ರಿಬ್ಬನ್ ಸರ್‌ರ ಏಳು ತಲೆಮಾರನ್ನು ಒಬ್ಬರನ್ನೂ ಬಿಡದೆ ಜಾಲಾಡಿದೆ. "ಗಾಜು ಅಂದ್ರೇನು, ಬೆಳಕು ಅಂದ್ರೇನು ಗೊತ್ತಿಲ್ಲದ ದಡ್ಡ ಶಿಖಾಮಣಿಗಳು! ಒಬ್ಬನಿಗಾದ್ರೂ ಗೊತ್ತಿತ್ತಾ ಏನು ಮಾಡ್ತಿದೀವಿ ಅಂತ?"

ಹುಡುಗಿ ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಕೋಪವಿರಲಿಲ್ಲ ಅವಳ ಮುಖದಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು.

"ಅವ್ರಿಗೆ ಗೊತ್ತಿರ್ಲಿಲ್ಲ ಅಕ್ಕ," ಅಂದಳು. "ನಿಮಗೆ ಗೊತ್ತಿತ್ತು."

ಅಷ್ಟು ಹೇಳಿ ನನ್ನ ಪಕ್ಕದಿಂದಲೇ ಇಳಿದು ಹೋದಳು. ಅವಳ ಚಪ್ಪಲಿಯ ಸದ್ದು ಮೂರು ಮಹಡಿ ಇಳಿಯುವವರೆಗೂ ನಾನು ನಿಂತಲ್ಲೇ ನಿಂತಿದ್ದೆ. ಹಾಕಲ್ಲ ಸರ್, ಎನ್ನಬಹುದಿತ್ತು. ಹೆಚ್ಚೆಂದರೆ ನಾಲ್ಕು ಜನರ ಮುಂದೆ ಬೈಯುತ್ತಿದ್ದರು, ಬೇರೆ ವಿಭಾಗಕ್ಕೆ ಎತ್ತಂಗಡಿ ಮಾಡುತ್ತಿದ್ದರು. ಅವರೇ ಎದ್ದು ಬಂದು ಸ್ವಿಚ್ ಹುಡುಕಬೇಕಾಗುತ್ತಿತ್ತು, ಅದು ಎಲ್ಲಿದೆ ಅಂತಲೂ ಅವರಿಗೆ ಗೊತ್ತಿರಲಿಲ್ಲ.

ಕೆಳಗಿನಿಂದ ರಿಬ್ಬನ್ ಸರ್ ಕೂಗಿದರು. ತಪಾಸಣೆಯ ದಿನದ ಫೋಟೋಗೆ ಕಟ್ಟು ಹಾಕಿಸಿ ತಂದಿದ್ದರಂತೆ, ಈಗಲೇ ಗೋಡೆಗೆ ತೂಗುಹಾಕಬೇಕು, ಸುತ್ತಿಗೆ ಮೊಳೆ ತಗೊಂಡು ಬಾ ಅಂದರು.

"ಬಂದೆ ಸರ್," ಅಂದೆ. ಹೋಗಿ ಮೊಳೆ ಹುಡುಕಿದೆ.